ಕಲ್ಚರ್ ರಿಪೋರ್ಟ್‌ಗೆ ಮೂರು ದಿನ ಯಾಕೆ? ಅದರಲ್ಲಿರುವ ಎಸ್, ಆರ್ ಅಂದರೇನು?

2023ರಲ್ಲಿ ಲ್ಯಾಬ್‌ನಲ್ಲಿ ದೃಢಪಟ್ಟ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಆರಕ್ಕೆ ಒಂದು ಆಂಟಿಬಯಾಟಿಕ್‌ಗೆ ಬಗ್ಗಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಭಾರತ ಸೇರಿರುವ ಆಗ್ನೇಯ ಏಷ್ಯಾ ವಲಯದಲ್ಲಿ ಈ ಪ್ರಮಾಣ ಮೂರಕ್ಕೆ ಒಂದು.

ಇಲ್ಲಿ ‘ಲ್ಯಾಬ್‌ನಲ್ಲಿ ದೃಢಪಟ್ಟ’ ಎಂಬ ಮಾತು ಮುಖ್ಯ. ಕಲ್ಚರ್ ಪರೀಕ್ಷೆಯನ್ನೇ ಮಾಡಿಸದ ರೋಗಿಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಔಷಧಿ ಫಲಿಸದಿದ್ದಾಗ ಮಾತ್ರ ಪರೀಕ್ಷೆಗೆ ಹೋಗುವ ಕಡೆಗಳಲ್ಲಿ ಪ್ರಮಾಣ ಇದ್ದದ್ದಕ್ಕಿಂತ ಹೆಚ್ಚಾಗಿಯೂ ಕಾಣಬಹುದು. ಹಾಗಾಗಿ ಈ ಅಂಕಿಯನ್ನು ನೋಡಿ ಹೆದರುವುದಕ್ಕಿಂತ, ನಿಮ್ಮ ಸೋಂಕಿಗೆ ಕಾರಣವಾದ ಬ್ಯಾಕ್ಟೀರಿಯಾ ಯಾವುದು ಎಂದು ತಿಳಿಯುವುದು ಹೆಚ್ಚು ಉಪಯುಕ್ತ.

ಲ್ಯಾಬ್‌ನಲ್ಲಿ ಏನು ನಡೆಯುತ್ತದೆ?

ಮೂತ್ರದ ಸೋಂಕನ್ನೇ ತೆಗೆದುಕೊಳ್ಳಿ. ಮೊದಲ ದಿನ ಮಾದರಿಯನ್ನು ಅಗರ್ ತಟ್ಟೆಗಳ ಮೇಲೆ ಹಚ್ಚಿ, ಸುಮಾರು 35–37 ಡಿಗ್ರಿ ಶಾಖದಲ್ಲಿ 18ರಿಂದ 24 ಗಂಟೆ ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕಿಗಳಾಗಬೇಕು. ಈ ಕಾಯುವಿಕೆಯನ್ನು ತಪ್ಪಿಸುವಂತಿಲ್ಲ.

ಎರಡನೇ ದಿನ ಗುರುತಿಸುವ ಕೆಲಸ. 1884ರಿಂದ ಬಳಕೆಯಲ್ಲಿರುವ ಗ್ರಾಂ ಸ್ಟೇನ್‌ನಲ್ಲಿ ಕೆಲವು ಬ್ಯಾಕ್ಟೀರಿಯಾ ನೇರಳೆಯಾಗಿ, ಕೆಲವು ಗುಲಾಬಿಯಾಗಿ ಕಾಣುತ್ತವೆ. ಮೂತ್ರದ ಸೋಂಕಿಗೆ ಸಾಮಾನ್ಯ ಕಾರಣವಾದ ಇ. ಕೋಲಿ ಗುಲಾಬಿ ಗುಂಪಿನದು. ಆಮೇಲೆ ಆಕ್ಸಿಡೇಸ್, ಇಂಡೋಲ್‌ನಂಥ ರಾಸಾಯನಿಕ ಪರೀಕ್ಷೆಗಳಿಂದ ಹೆಸರು ಖಚಿತವಾಗುತ್ತದೆ. ದೊಡ್ಡ ಲ್ಯಾಬ್‌ಗಳಲ್ಲಿರುವ ಮಾಲ್ಡಿ-ಟಾಫ್ ಯಂತ್ರ ಬೆಳೆದ ಚುಕ್ಕಿಯಿಂದ ಕೆಲವೇ ನಿಮಿಷಗಳಲ್ಲಿ ಹೆಸರು ಹೇಳಬಲ್ಲದು.

ಅದೇ ದಿನ ಬ್ಯಾಕ್ಟೀರಿಯಾ ಹಚ್ಚಿದ ಇನ್ನೊಂದು ತಟ್ಟೆಯ ಮೇಲೆ ಆಂಟಿಬಯಾಟಿಕ್ ಬಿಲ್ಲೆಗಳನ್ನು ಇಡುತ್ತಾರೆ. ಮೂರನೇ ದಿನ ಬಿಲ್ಲೆಯ ಸುತ್ತ ಬೆಳವಣಿಗೆಯಿಲ್ಲದ ವೃತ್ತವನ್ನು ಅಳೆಯುತ್ತಾರೆ. ರಿಪೋರ್ಟ್‌ನ ಎಸ್, ಐ, ಆರ್ ಅಕ್ಷರಗಳು ಬರುವುದು ಈ ಅಳತೆಯಿಂದ.

ಅಕ್ಷರಗಳನ್ನು ಓದುವುದು ಹೇಗೆ?

ಒಬ್ಬ ಮಹಿಳೆ ಅತ್ತೆಯ ರಿಪೋರ್ಟ್ ತಂದು, “ಇವರಿಗೆ ಇಷ್ಟೊಂದು ಔಷಧಿ ಸೆನ್ಸಿಟಿವ್ ಅಂತಿದೆಯಲ್ಲ, ಅಲರ್ಜಿಯಾ?” ಎಂದು ಕೇಳಿದ್ದರು. ಅವರು ಗಾಬರಿಯಾಗಿದ್ದರು. ‘ಸೆನ್ಸಿಟಿವ್’ ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಮಣಿಯುತ್ತದೆ ಎಂದರ್ಥ. ರೋಗಿಗೆ ಅದು ಒಳ್ಳೆಯ ಸುದ್ದಿ. ‘ಆರ್’ ಅಂದರೆ ಬ್ಯಾಕ್ಟೀರಿಯಾ ಮಣಿಯುವುದಿಲ್ಲ. ಈ ಅಕ್ಷರಗಳು ನಿಮ್ಮ ದೇಹದ ಬಗ್ಗೆ ಏನೂ ಹೇಳುವುದಿಲ್ಲ. ‘ಐ’ ಇದ್ದರೆ ಡೋಸ್, ಸೋಂಕಿನ ಜಾಗ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಕೆಲವು ರಿಪೋರ್ಟ್‌ಗಳಲ್ಲಿ ಎಂಐಸಿ ಎಂಬ ಸಂಖ್ಯೆಯೂ ಇರುತ್ತದೆ. ಎರಡು ಔಷಧಿಗಳ ಎಂಐಸಿ ಹೋಲಿಸಿ, ಕಡಿಮೆ ಇರುವುದೇ ಉತ್ತಮ ಎಂದುಕೊಳ್ಳಬೇಡಿ. ಪ್ರತಿ ಔಷಧಿಗೂ ಮಿತಿ ಬೇರೆ. ಮೂತ್ರಪಿಂಡದ ಸ್ಥಿತಿ, ಗರ್ಭಧಾರಣೆ, ಅಲರ್ಜಿ ಎಲ್ಲವನ್ನೂ ನೋಡಿ ಆರಿಸಬೇಕಾಗುತ್ತದೆ.

ನೀವು ಏನು ಮಾಡಬಹುದು?

• ಸಾಧ್ಯವಾದಷ್ಟೂ ಮೊದಲ ಆಂಟಿಬಯಾಟಿಕ್‌ಗೆ ಮುಂಚೆಯೇ ಮಾದರಿ ಕೊಡಿ. ಈಗಾಗಲೇ ತೆಗೆದುಕೊಂಡಿದ್ದರೆ ಲ್ಯಾಬ್‌ಗೆ ತಿಳಿಸಿ. ಸೋಂಕಿದ್ದರೂ ‘ನೋ ಗ್ರೋತ್’ ಎಂದು ಬರಬಹುದು.
• ಮೂತ್ರದ ಮೊದಲ ಭಾಗ ಬಿಟ್ಟು ನಡುವಿನದನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. ಎರಡು ಗಂಟೆಯೊಳಗೆ ತಲುಪಿಸಿ, ತಡವಾಗುವುದಾದರೆ ಫ್ರಿಜ್‌ನಲ್ಲಿಡಿ.
• ಜ್ವರ ಇಳಿಯಿತೆಂದು ರಿಪೋರ್ಟ್ ತರದೆ ಇರಬೇಡಿ. ತಂದು ವೈದ್ಯರಿಗೆ ತೋರಿಸಿ. ನೀವು ನುಂಗುತ್ತಿರುವ ಔಷಧಿಯ ಎದುರು ‘ಆರ್’ ಇದ್ದರೆ ಬದಲಿಸಬೇಕೇ ಎಂದು ಕೇಳಿ. ನೀವಾಗಿಯೇ ಬದಲಿಸಬೇಡಿ.

ಚಳಿ ಜ್ವರದ ಜೊತೆ ಗೊಂದಲ, ಉಸಿರಾಟದ ತೊಂದರೆ, ತೀರಾ ಕಡಿಮೆ ಬಿಪಿ ಇದ್ದರೆ ರಿಪೋರ್ಟ್‌ಗಾಗಿ ಕಾಯುವಂತಿಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ. ಅಲ್ಲಿ ಮಾದರಿ ತೆಗೆದು ಔಷಧಿ ಶುರುಮಾಡಿ, ರಿಪೋರ್ಟ್ ಬಂದ ಮೇಲೆ ತಿದ್ದುತ್ತಾರೆ.

ಆಂಟಿಬಯಾಟಿಕ್ ಬರೆಯುವಾಗ ಕಾರಣವನ್ನೂ ಬರೆಯಿರಿ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ವೈದ್ಯರನ್ನು ಕೋರಿತ್ತು. ಚೀಟಿ ಇಲ್ಲದೆ ಕೊಡಬೇಡಿ ಎಂದು ನಮ್ಮಂಥ ಫಾರ್ಮಸಿಸ್ಟ್‌ಗಳಿಗೂ ಹೇಳಿತ್ತು. “ಯಾವ ಕಾರಣಕ್ಕೆ ಈ ಔಷಧಿ? ಕಲ್ಚರ್ ಬೇಕೇ?” ಎಂದು ಕೇಳುವ ಹಕ್ಕು ನಿಮಗೂ ಇದೆ.