ವರ್ಗಾವಣೆಯ ಭಯ ಮತ್ತು ಖಾಕಿಯ ನೀತಿ

ಅಕ್ರಮ ಮರಳಿನ ಲಾರಿಯನ್ನು ತಡೆದ ಠಾಣಾಧಿಕಾರಿ ತಿಂಗಳೊಳಗೆ ವರ್ಗವಾಗಿ ಹೋದರೆ, ಉಳಿದ ಪೇದೆಗಳು ಕಲಿಯುವ ಪಾಠವೇನು? ಪೊಲೀಸರಲ್ಲಿ ನೀತಿಯಿಲ್ಲವೆಂದು ದೂರುವ ನಾವು ಇದನ್ನು ಕೇಳುವುದು ಅಪರೂಪ. ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿಯೇ ಠಾಣಾಧಿಕಾರಿಗೆ ಕನಿಷ್ಠ 2 ವರ್ಷಗಳ ಅವಧಿ ಇರಬೇಕೆಂದಿತು. ಜಿಲ್ಲಾಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ಬೇಕೆಂದಿತು. ಮೊದಲನೆಯದು ಪ್ರಾಮಾಣಿಕನಿಗೆ ರಕ್ಷೆ, ಎರಡನೆಯದು ಲಾಠಿಯೇಟು ತಿಂದವನಿಗೆ ದಾರಿ. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು.

2016ರ ಜೂನ್‌ನಲ್ಲಿ ಕರ್ನಾಟಕದ ಪೇದೆಗಳು ಸಾಮೂಹಿಕ ರಜೆಗೆ ಮುಂದಾದಾಗ ವಾರದ ರಜೆಯೂ ಅವರ ಬೇಡಿಕೆಯಾಗಿತ್ತು. (ಅದನ್ನೂ ಬೇಡಬೇಕಾಯಿತಲ್ಲ!) ದಣಿವು ದೌರ್ಜನ್ಯಕ್ಕೆ ಸಮರ್ಥನೆಯಲ್ಲ, ಆದರೆ ದಣಿದವನಿಗೆ ನೀತಿಬೋಧೆಯೊಂದೇ ಸಾಲದು.

ಶಾಸಕರು ಊರಿಗೆ ಬಂದಾಗ ರಸ್ತೆಯ ಜೊತೆಗೆ ಇದನ್ನೂ ಕೇಳೋಣ: ಠಾಣಾಧಿಕಾರಿಯ ವರ್ಗಾವಣೆಗೆ ಶಿಫಾರಸು ಪತ್ರ ಕೊಟ್ಟವರು ಯಾರು?