ರಾಕ್ಷಸನಿಗೆ ಸೀಟಿ... ಆ ಹೆಂಗಸಿಗೆ?

ಕಪ್ಪು-ಬಿಳುಪಿನಲ್ಲಿ ರಾಕ್ಷಸನನ್ನ ನೋಡೋ ಮಜಾನೇ ಬೇರೆ ಕಣ್ರೀ! ಅಮೆರಿಕದ ಟಿ.ವಿ. ಸರಣಿ ‘ದಿ ಎಕ್ಸ್-ಫೈಲ್ಸ್’ನ ಕ್ರಿಸ್ ಕಾರ್ಟರ್ 1997ರಲ್ಲಿ ತಾವೇ ಬರೆದು, ನಿರ್ದೇಶಿಸಿದ ಕಂತು ‘ದಿ ಪೋಸ್ಟ್-ಮಾಡರ್ನ್ ಪ್ರೊಮಿಥಿಯಸ್’. ಗುಡುಗು, ಮಿಂಚು, ರೊಚ್ಚಿಗೆದ್ದ ಊರ ಜನ... 1931ರ ‘ಫ್ರಾಂಕನ್‌ಸ್ಟೈನ್’ ಚಿತ್ರಕ್ಕೆ ನೇರ ನಮಸ್ಕಾರ!

ಡಾಕ್ಟರ್ ಪೊಲಿಡೋರಿ ನೊಣದ ಜೀನ್ ಕೆದಕಿ, ಬಾಯಿಯ ಜಾಗದಲ್ಲಿ ಕಾಲು ಮೂಡಿಸ್ತಾನೆ. ಬೊಗಳೆ ಅನ್ನಬೇಡಿ. ಹಣ್ಣಿನ ನೊಣಕ್ಕೆ ಮೀಸೆಯ ಜಾಗದಲ್ಲಿ ಕಾಲು ಬೆಳೆಯೋದನ್ನ ವಿಜ್ಞಾನಿಗಳು ನಿಜವಾಗಿ ಕಂಡಿದ್ದಾರೆ. ಇವನ ಹಳೇ ಪ್ರಯೋಗ ಕೆಟ್ಟು ಹುಟ್ಟಿದವನೇ ಎರಡು ಮುಖದ ಮ್ಯುಟಾಟೊ. ಡಾಕ್ಟರನ ಅಪ್ಪ, ಒಬ್ಬ ರೈತ, ಅವನನ್ನು ಬಚ್ಚಿಟ್ಟು ಸಾಕಿದ್ದಾನೆ. ಅಷ್ಟು ದಪ್ಪ ಮೇಕಪ್ಪಿನೊಳಗಿಂದ ಕ್ರಿಸ್ ಓವೆನ್ಸ್ ಕಣ್ಣಲ್ಲೇ ಅಳಿಸಿಬಿಡ್ತಾರೆ!

ಈಗ ನನ್ನ ತಕರಾರು. ಮನೆಗೇ ಟೆಂಟ್ ಹೊದಿಸಿ, ಹೊಗೆ ಬಿಟ್ಟು, ಪ್ರಜ್ಞೆ ತಪ್ಪಿದ ಶೈನಾ ಎಂಬಾಕೆಯನ್ನು ಬಸುರಿ ಮಾಡ್ತಾರೆ. ಮ್ಯುಟಾಟೊಗೆ ತನ್ನಂಥ ಜೊತೆ ಬೇಕಿತ್ತಂತೆ! ಅವಳನ್ನ ಕೇಳಿದವರ್ಯಾರು ಸ್ವಾಮಿ? ಕಡೆಗೆ ಜೆರ್ರಿ ಸ್ಪ್ರಿಂಗರ್ ಶೋನಲ್ಲಿ ಅವಳು ಕೂಸನ್ನೆತ್ತಿಕೊಂಡು ನಗ್ತಾಳೆ. ಮುಗೀತು.

ಕತೆ ಹೀಗೆ ಮುಗೀಬಾರದು, ಬರೆದವನನ್ನ ಕರೀರಿ ಅಂತ ಪತ್ತೇದಾರ ಮಲ್ಡರ್ ಹಟ ಹಿಡೀತಾನೆ. ರಾಕ್ಷಸನಿಗೋಸ್ಕರ. ಸರಿ, ಗಾಯಕಿ ಶೇರ್ ಅಂದ್ರೆ ಪ್ರಾಣ ಬಿಡೋ ಮ್ಯುಟಾಟೊ ಅವಳ ಕಾರ್ಯಕ್ರಮದಲ್ಲೇ ಮೈಮರೀತಾನೆ. ಮಲ್ಡರ್, ಸ್ಕಲಿ ಕೈಹಿಡಿದು ಕುಣೀತಾರೆ. ನಾನೂ ಸೀಟಿ ಹೊಡೆದೆ. ಶೈನಾಗೋಸ್ಕರ ಮಾತ್ರ ಮಲ್ಡರ್ ಯಾವ ಬರಹಗಾರನನ್ನೂ ಕರೆಸಲಿಲ್ಲ.