ಅಂಚೆಯವನ ಹೊತ್ತು ಯಾರ ಕೈಯಲ್ಲಿ?

ಅಂಚೆಯವರು ಮುಷ್ಕರ ಹೂಡಿದರೆ ಹಳ್ಳಿಕಟ್ಟೆಯ ಮೇಲೆ ಕೇಳಿಬರುವುದು ಒಂದೇ ಮಾತು: "ಸರ್ಕಾರಿ ನೌಕರಿ ಇಟ್ಟುಕೊಂಡು ಇವರಿಗೇನ್ರೀ ಕಮ್ಮಿಯಾಗಿರೋದು?" 2018ರ ಮೇ 22ರಿಂದ ಹದಿನಾರು ದಿನ ಹಳ್ಳಿಯ ಅಂಚೆಯವರು ದೇಶದಾದ್ಯಂತ ಕೆಲಸ ನಿಲ್ಲಿಸಿದಾಗ ಇದೇ ಮಾತು. 2023ರ ಡಿಸೆಂಬರ್ 12ರಿಂದ ಮತ್ತೆ ಕೂತಾಗಲೂ ಇದೇ ಮಾತು. ಆಡಿದವರು ಬೇರೆ ಯಾರೋ ಅಲ್ಲ, ನಾವೇ, ರೈತರೇ. ಮುಂದಿನ ಸಲ ಆಡುವ ಮೊದಲು ಒಂದು ಸಂಗತಿ ತಿಳಿದಿರಲಿ. ನಮ್ಮೂರಿಗೆ ಟಪಾಲು ತರುವವನನ್ನು ಸರ್ಕಾರ ಇವತ್ತಿಗೂ ತನ್ನ ಖಾಯಂ ನೌಕರ ಅಂತ ಒಪ್ಪಿಕೊಂಡಿಲ್ಲ.

ಹಿಂದೆ ಇವನನ್ನು ಇ.ಡಿ. ಅನ್ನುತ್ತಿದ್ದರು. ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಅಂದರೆ ಇಲಾಖೆಯ ಹೊರಗಿನವನು. ಬ್ರಿಟಿಷರ ಕಾಲದಲ್ಲಿ ಊರಿನ ಮೇಷ್ಟ್ರಿಗೋ, ಅಂಗಡಿಯವನಿಗೋ, ನಾಲ್ಕೆಕರೆ ಹೊಲ ಇದ್ದವನಿಗೋ ಟಪಾಲಿನ ಚೀಲ ವಹಿಸಿ, ಕೈಗೆ ಒಂದಿಷ್ಟು ಭತ್ಯೆ ಕೊಡುವ ಪದ್ಧತಿ ಇತ್ತು. ಅದೇ ಬೆಳೆದು ಬಂತು. 1977ರಲ್ಲಿ ಸುಪ್ರೀಂ ಕೋರ್ಟು ರಾಜಮ್ಮ ಎಂಬುವರ ಮೊಕದ್ದಮೆಯಲ್ಲಿ, ಇವರು ಬರೀ ಏಜೆಂಟರಲ್ಲ, ಇವರದು ಸಿವಿಲ್ ಹುದ್ದೆ, ಬೇಕೆಂದಾಗ ಬಿಡಿಸಿ ಕಳಿಸುವ ಹಾಗಿಲ್ಲ ಎಂದು ಹೇಳಿತು. ಆದರೂ ಖಾಯಂ ನೌಕರರ ಸಾಲಿಗೆ ಸೇರಿಸಲಿಲ್ಲ. 2001ರಲ್ಲಿ ಹೆಸರು ಬದಲಾಯಿತು. ಗ್ರಾಮೀಣ ಡಾಕ್ ಸೇವಕ ಎಂದಾಯಿತು. ಹೆಸರು ಬದಲಾಯಿಸೋದಕ್ಕೆ ಖರ್ಚಿಲ್ಲ ನೋಡಿ.

ಈ ಕೆಲಸಕ್ಕೆ ಅರ್ಜಿ ಕರೆಯುವ ಪ್ರಕಟಣೆಯನ್ನು ಯಾರಾದರೂ ಓದಿದ್ದೀರಾ? ಹತ್ತನೇ ತರಗತಿ ಪಾಸಾಗಿರಬೇಕು, ಕಂಪ್ಯೂಟರ್ ಗೊತ್ತಿರಬೇಕು, ಸೈಕಲ್ ತುಳಿಯೋದಕ್ಕೆ ಬರಬೇಕು, ಜೊತೆಗೆ ಬದುಕೋದಕ್ಕೆ ಬೇರೆ ಸಾಕಷ್ಟು ಆದಾಯದ ದಾರಿ ಇರಬೇಕು. ಕೊನೆಯದನ್ನು ಇನ್ನೊಮ್ಮೆ ಓದಿ. ಕೆಲಸ ಕೊಡುವವನೇ ಹೇಳುತ್ತಿದ್ದಾನೆ, ನಾನು ಕೊಡುವುದರಲ್ಲಿ ನಿನ್ನ ಹೊಟ್ಟೆ ತುಂಬೋದಿಲ್ಲ, ಮಿಕ್ಕಿದ್ದನ್ನು ನೀನೇ ನೋಡಿಕೋ ಅಂತ. ಹಳ್ಳಿಯಲ್ಲಿ ಆ ಬೇರೆ ದಾರಿ ಯಾವುದು? ಹೊಲ, ಗದ್ದೆ, ಎರಡು ಹಸು. ಅಂದರೆ ದೆಹಲಿಯಲ್ಲಿ ಕೂತು ಲೆಕ್ಕ ಮಾಡಿದವರು ನಮ್ಮ ಹೊಲದ ಆದಾಯವನ್ನು ಅಂಚೆಯವನ ಕೂಲಿಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಆ ಹೊಲದಲ್ಲಿ ಬೆಳೆದದ್ದಕ್ಕೆ ಹಾಕಿದ ಖರ್ಚೂ ಹುಟ್ಟುತ್ತಿಲ್ಲ ಅಂತ ಈ ಪತ್ರಿಕೆ ತಿಂಗಳು ತಿಂಗಳೂ ಬರೆಯುತ್ತಿದೆ. ಇಲ್ಲದ ಲಾಭವನ್ನು ನಂಬಿಕೊಂಡು ಒಬ್ಬನಿಗೆ ಅರ್ಧ ಕೂಲಿ ಕೊಡುವ ಏರ್ಪಾಡು ಇದು. ಟೊಮೇಟೊ ಬೆಲೆ ಬಿದ್ದ ವರ್ಷ ಅಂಚೆಯವನ ಮನೆಯಲ್ಲೂ ಸಾಲ ಏರುತ್ತದೆ, ಅವನ ಕೈಗೆ ಎಷ್ಟೇ ಭತ್ಯೆ ಬರಲಿ.

ಈಗಂತೂ ಆಯ್ಕೆ ಆನ್‌ಲೈನಿನಲ್ಲಿ, ಹತ್ತನೇ ತರಗತಿಯ ಅಂಕದ ಮೇಲೆ. ದೂರದ ಜಿಲ್ಲೆಯ ಹುಡುಗ ಹುಡುಗಿಯರು ಬಂದು ನಮ್ಮೂರಲ್ಲಿ ಬಾಡಿಗೆಗೆ ಇರುತ್ತಾರೆ. ಅವರ ಹೊಲ ಎಲ್ಲಿ, ಅವರು ಕೂತಿರೋದು ಎಲ್ಲಿ? ಬ್ರಾಂಚ್ ಪೋಸ್ಟಾಫೀಸಿಗೆ ಜಾಗ ಒದಗಿಸುವ ಹೊಣೆಯೂ ಪೋಸ್ಟ್‌ಮಾಸ್ಟರದ್ದೇ. ಬೇರೆ ಆದಾಯ ಇರಬೇಕೆಂಬ ಷರತ್ತು ಮಾತ್ರ ಕಾಗದದ ಮೇಲೆ ಹಾಗೇ ಉಳಿದಿದೆ.

ಇನ್ನು ಹೊತ್ತಿನ ವಿಚಾರಕ್ಕೆ ಬರೋಣ. ಜಗಳ ಇರೋದೇ ಅಲ್ಲಿ.

ಎಷ್ಟು ಟಪಾಲು, ಎಷ್ಟು ವಹಿವಾಟು ಎಂದು ನೋಡಿ, ಈ ಕೆಲಸ ದಿನಕ್ಕೆ ಇಷ್ಟು ಗಂಟೆಯದು ಎಂದು ಇಲಾಖೆ ತೀರ್ಮಾನಿಸುತ್ತದೆ. 2018ಕ್ಕೆ ಮುಂಚೆ ಮೂರು ಗಂಟೆಯಿಂದ ಶುರುವಾಗಿ ಐದರ ತನಕ ಇತ್ತು. ಕಮಲೇಶ್ ಚಂದ್ರ ಸಮಿತಿ 2016ರಲ್ಲಿ ವರದಿ ಕೊಟ್ಟಿತು. ವರದಿ ಒಂದೂವರೆ ವರ್ಷ ಕಪಾಟಿನಲ್ಲಿ ಕೂತಿತ್ತು. ಹದಿನಾರು ದಿನದ ಮುಷ್ಕರ ಆದ ಮೇಲೆ, 2018ರ ಜೂನ್ 6ರಂದು ಕೇಂದ್ರ ಸಂಪುಟ ಒಪ್ಪಿತು. ಆಗ ಸರ್ಕಾರವೇ ಹೇಳಿದ ಲೆಕ್ಕ: 1.29 ಲಕ್ಷ ಬ್ರಾಂಚ್ ಪೋಸ್ಟಾಫೀಸು, 3.07 ಲಕ್ಷ ಡಾಕ್ ಸೇವಕರು. ನಾಲ್ಕು ಗಂಟೆಯ ಕೆಲಸಕ್ಕೆ ಬ್ರಾಂಚ್ ಪೋಸ್ಟ್‌ಮಾಸ್ಟರಿಗೆ ತಿಂಗಳಿಗೆ ಕನಿಷ್ಠ 12,000, ಉಳಿದವರಿಗೆ 10,000. ಐದು ಗಂಟೆಯದಾದರೆ 14,500 ಮತ್ತು 12,000. ತುಟ್ಟಿಭತ್ಯೆ ಬೇರೆ. ಇದಕ್ಕೆ ಸಂಬಳ ಅಂತ ಕರೆಯೋದಿಲ್ಲ. ಟೈಮ್ ರಿಲೇಟೆಡ್ ಕಂಟಿನ್ಯುಟಿ ಅಲೊವೆನ್ಸ್ ಅಂತ ಉದ್ದದ ಹೆಸರಿಟ್ಟಿದ್ದಾರೆ. ಸಂಬಳ ಅಂದುಬಿಟ್ಟರೆ ನೌಕರ ಅಂತ ಒಪ್ಪಿದ ಹಾಗಾಗುತ್ತಲ್ಲ, ಅದಕ್ಕೆ.

ಐದು ಗಂಟೆಗೆ ಇದು ಮೋಸವಿಲ್ಲ ಅಂತ ಯಾರಾದರೂ ಹೇಳಬಹುದು. ಆದರೆ ಯಾವ ಐದು ಗಂಟೆ? ಚೀಲ ಬರೋದು ಬಸ್ಸಿನಲ್ಲಿ. ಬಸ್ಸು ತಡವಾದರೆ ಕಾಯಬೇಕು, ಕಾದದ್ದು ಲೆಕ್ಕಕ್ಕಿಲ್ಲ. ಚೀಲ ಬಂದ ಮೇಲೆ ಎರಡು ಮೂರು ಹಳ್ಳಿ ಸುತ್ತಬೇಕು. 2018ರ ಸೆಪ್ಟೆಂಬರ್ 1ರಿಂದ ಅಂಚೆ ಪೇಮೆಂಟ್ಸ್ ಬ್ಯಾಂಕೂ ಹೆಗಲಿಗೆ ಬಂತು. ಮನೆ ಬಾಗಿಲಿಗೆ ಹೋಗಿ ಬೆರಳೊತ್ತಿಸಿ ಹಣ ಕೊಡಬೇಕು. ನೆಟ್‌ವರ್ಕ್ ಸಿಗದಿದ್ದರೆ ಯಂತ್ರ ಹಿಡಿದು ಮರದ ಕೆಳಗೋ ಮಹಡಿ ಮೇಲೋ ನಿಲ್ಲಬೇಕು. ಇಷ್ಟು ಖಾತೆ ತೆರೆಸು, ಇಷ್ಟು ವಿಮೆ ಮಾಡಿಸು ಅಂತ ಮೇಲಿನಿಂದ ಗುರಿ ಬರುತ್ತದೆ ಎಂಬುದು ಅವರ ಸಂಘಗಳ ದೂರು. ಮೇಳ ಇಟ್ಟರೆ ಭಾನುವಾರವೂ ಹೋಗಬೇಕು. ಗಂಟೆ ಐದೇ, ಆದರೆ ಆ ಐದನ್ನು ಬೆಳಗ್ಗೆ ಸ್ವಲ್ಪ, ಮಧ್ಯಾಹ್ನ ಸ್ವಲ್ಪ, ಸಂಜೆ ಸ್ವಲ್ಪ ಅಂತ ಚೂರು ಮಾಡಿ ಇಡೀ ದಿನದ ಮೇಲೆ ಎರಚಿದರೆ, ಉಳಿದ ಹೊತ್ತಿನಲ್ಲಿ ಅವನು ಯಾವ ಹೊಲ ಉಳಬೇಕು? ಬೇರೆ ಆದಾಯ ಇರಬೇಕು ಅನ್ನುವ ನಿಯಮವೂ ಅವರದೇ, ಆ ಆದಾಯ ಮಾಡಿಕೊಳ್ಳುವ ಹೊತ್ತನ್ನು ತಿನ್ನುವವರೂ ಅವರೇ.

ಇದು ರೈತನಿಗೆ ಬಿಡಿಸಿ ಹೇಳಬೇಕಾದ ಸಂಗತಿಯೇ ಅಲ್ಲ. ಪಂಪ್‌ಸೆಟ್ಟಿಗೆ ಮೂರು ಫೇಸು ಏಳು ಗಂಟೆ ಕೊಡುತ್ತೇವೆ ಅನ್ನುತ್ತಾರೆ. ಯಾವ ಏಳು ಗಂಟೆ? ರಾತ್ರಿ ಹನ್ನೊಂದಕ್ಕೆ ಎರಡು ಗಂಟೆ, ಬೆಳಗಿನ ಜಾವ ಇನ್ನಷ್ಟು. ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ಗದ್ದೆ ಬದುವಿನ ಮೇಲೆ ಓಡುವವರು ನಾವು. ಕಾಗದದಲ್ಲಿ ಏಳು ಗಂಟೆ ಸರಿಯಾಗೇ ಇರುತ್ತದೆ. ನಮ್ಮ ನಿದ್ದೆ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಬೆಲೆ ಆಯೋಗ ಮನೆಮಂದಿಯ ದುಡಿಮೆಗೆ ಕೂಲಿ ಕಟ್ಟುವಾಗ, ರಾತ್ರಿ ನೀರು ಹಾಯಿಸಿದ್ದಕ್ಕೂ ಹಂದಿ ಕಾದಿದ್ದಕ್ಕೂ ಎಷ್ಟು ಗಂಟೆ ಹಿಡಿಯುತ್ತದೋ ಅವರೇ ಬಲ್ಲರು.

ಇದು ಬಡ ದೇಶದ ಪಾಡು ಮಾತ್ರ ಅಂತ ತಿಳಿಯಬೇಡಿ. ಅಂಚೆಗೆ ದಾರಿ ತೋರಿಸಿದ ಇಂಗ್ಲೆಂಡಿನಲ್ಲೂ ಜಗಳ ಆದದ್ದು ಹೊತ್ತಿನ ಮೇಲೇ. ಅಲ್ಲಿನ ರಾಯಲ್ ಮೇಲ್ ಅನ್ನು ಸರ್ಕಾರ 2013ರಲ್ಲಿ ಷೇರು ಪೇಟೆಗೆ ಬಿಟ್ಟಿತು. ಕಾಗದ ಪತ್ರ ಕಮ್ಮಿಯಾಗಿ ಪಾರ್ಸಲು ಜಾಸ್ತಿಯಾಯಿತು. 2022ರಲ್ಲಿ ಕಂಪನಿ ಹೊಸ ಏರ್ಪಾಡು ಮುಂದಿಟ್ಟಿತು: ಬೆಳಗಿನ ಪಾಳಿ ತಡವಾಗಿ ಶುರುವಾಗಬೇಕು, ಭಾನುವಾರವೂ ಕೆಲಸ ಇರಬೇಕು, ಪಾರ್ಸಲು ಕಮ್ಮಿ ಇರುವ ಬೇಸಿಗೆಯಲ್ಲಿ ವಾರದ ಗಂಟೆ ಇಳಿಸಿ ಚಳಿಗಾಲದಲ್ಲಿ ಏರಿಸಬೇಕು. ಇದಕ್ಕೆ ಫ್ಲೆಕ್ಸಿಬಲ್ ಅಂತ ಹೆಸರು. ಬಳುಕುವ ಹೊತ್ತು ಅನ್ನೋಣ. ಹೊತ್ತು ಎಲ್ಲಿ ಬಳುಕುತ್ತೆ? ಬಳುಕೋದು ಆಳಿನ ಬೆನ್ನು. ಬೆಳಗ್ಗೆ ಬೇಗ ಹೋಗಿ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಮಕ್ಕಳನ್ನು ಕರೆತರಲು ಬರುತ್ತಿದ್ದ ತಾಯಿ ತಂದೆಗೆ ಪಾಳಿ ಒಂದು ಗಂಟೆ ತಳ್ಳಿದರೂ ಮನೆಯ ಏರ್ಪಾಡೆಲ್ಲ ತಲೆಕೆಳಗು. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು.

ಅಲ್ಲಿನ ಕಾನೂನಿನಂತೆ ಸಂಘದ ಮುಖಂಡರು ಸಭೆಯಲ್ಲಿ ಕೈ ಎತ್ತಿಸಿ ಮುಷ್ಕರ ಸಾರುವ ಹಾಗಿರಲಿಲ್ಲ. ಪ್ರತಿಯೊಬ್ಬ ಸದಸ್ಯನ ಮನೆಗೂ ಮತಪತ್ರ ಅಂಚೆಯಲ್ಲೇ ಹೋಗಬೇಕು, ಅಂಚೆಯಲ್ಲೇ ವಾಪಸು ಬರಬೇಕು, ಅರ್ಧದಷ್ಟು ಜನವಾದರೂ ಮತ ಹಾಕಿರಬೇಕು. ಹಾಗಾಗಿ ತಮ್ಮ ಮುಷ್ಕರದ ಮತಪತ್ರವನ್ನು ತಾವೇ ಚೀಲದಲ್ಲಿ ಹೊತ್ತು ಮನೆಮನೆಗೆ ಹಂಚಿದರು. ಸುಮಾರು 1,15,000 ಮಂದಿಗೆ ಸೇರಿದ ವಿಚಾರ. ಕೆಲಸದ ಷರತ್ತು ಬದಲಿಸುವ ಪ್ರಶ್ನೆಯ ಮೇಲೆ ನೂರಕ್ಕೆ 72 ಜನ ಮತ ಹಾಕಿದರು, ಹಾಕಿದವರಲ್ಲಿ ನೂರಕ್ಕೆ 98.7 ಮುಷ್ಕರದ ಪರ. ಆಗಸ್ಟಿನಿಂದ ಕ್ರಿಸ್‌ಮಸ್ ತನಕ ಹದಿನೆಂಟು ದಿನ, ಬಿಟ್ಟು ಬಿಟ್ಟು, ಕೆಲಸ ನಿಲ್ಲಿಸಿದರು. ಒಂದೊಂದು ದಿನದ ಕೂಲಿಯೂ ಹೋಯಿತು.

ಗೆದ್ದರೇ? ಪೂರ್ತಿ ಗೆಲ್ಲಲಿಲ್ಲ. 2023ರಲ್ಲಿ ಆದ ಒಪ್ಪಂದದಲ್ಲಿ ಮೂರು ವರ್ಷಕ್ಕೆ ಸೇರಿ ನೂರಕ್ಕೆ ಹತ್ತರಷ್ಟು ಕೂಲಿ ಏರಿತು. ಪಾಳಿ ತಡವಾಗೋದನ್ನು ತಡೆಯಲಾಗಲಿಲ್ಲ, ಬೇಸಿಗೆ ಚಳಿಗಾಲದ ಗಂಟೆಯ ಏರಿಳಿತವೂ ಬಂತು. ಹಳಬರಿಗೆ ಭಾನುವಾರ ಕಡ್ಡಾಯವಾಗಲಿಲ್ಲ, ಹೊಸದಾಗಿ ಸೇರುವವರ ಷರತ್ತು ಹಳಬರಿಗಿಂತ ಕೀಳಾಯಿತು. ನಾಯಕರು ಸೋತು ಬಂದರು ಅಂತ ಸಂಘದೊಳಗೇ ಬೈಗುಳ ನಡೆಯಿತು. ಆದರೂ ಜುಲೈನಲ್ಲಿ ಮತ ಹಾಕಿದವರಲ್ಲಿ ನಾಲ್ವರಿಗೆ ಮೂವರು ಒಪ್ಪಿದರು. ಹದಿನೆಂಟು ದಿನದ ಕೂಲಿ ಕಳಕೊಂಡವನಿಗೆ ಹತ್ತೊಂಬತ್ತನೇ ದಿನ ಎಷ್ಟು ಭಾರ ಅನ್ನೋದು, ಧರಣಿ ಕೂತು ಬಂದ ನಮಗೆ ಗೊತ್ತಿಲ್ಲವೇ.

ನಮ್ಮ ಡಾಕ್ ಸೇವಕರ ಎದುರು ಇರುವ ಪ್ರಶ್ನೆ ಇನ್ನೂ ಕಠಿಣ. 2023ರಲ್ಲಿ ಅವರು ಕೇಳಿದ್ದು ಎಂಟು ಗಂಟೆಯ ಕೆಲಸ, ಖಾಯಂ ನೌಕರರಿಗೆ ಇರುವ ಹಾಗೆ ಪಿಂಚಣಿ. ಗಮನಿಸಿ, ಕೆಲಸ ಕಮ್ಮಿ ಮಾಡಿ ಅನ್ನಲಿಲ್ಲ, ಹೆಚ್ಚು ಗಂಟೆ ಕೊಡಿ ಅಂದರು. ಹೇಗೂ ದುಡಿಯುತ್ತಿರುವ ಹೊತ್ತನ್ನು ಪುಸ್ತಕದಲ್ಲಿ ಬರೆದುಕೊಳ್ಳಿ ಅಂತ ಕೇಳಲು ಮುಷ್ಕರ ಮಾಡಬೇಕಾಗಿ ಬಂದದ್ದು ವಿಚಿತ್ರ. ಆದರೆ ನಿಲ್ಲಿಸಿದರೆ ನೋವು ಯಾರಿಗೆ? ಬೆರಳೊತ್ತಿ ಪಿಂಚಣಿ ಪಡೆಯುವ ಮುದುಕಿಗೆ. 2018ರಲ್ಲಿ ಮನಿಯಾರ್ಡರಿಗೆ ಕಾದು ಕೂತವರನ್ನು ಎಲ್ಲರೂ ನೋಡಿದ್ದೇವೆ. (ಸೊಸೈಟಿಯ ನೋಟೀಸು ಬರಲಿಲ್ಲ ಅಂತ ಒಳಗೊಳಗೇ ಖುಷಿಪಟ್ಟ ರೈತರೂ ಇದ್ದಾರು, ಆ ಮಾತು ಬೇರೆ.) ಪೇಟೆಯ ಅಂಚೆಗೆ ಖಾಯಂ ನೌಕರರಿದ್ದಾರೆ, ಅವರ ಸಂಘಗಳು ಬೇರೆ. ಹಳ್ಳಿಯವನು ಒಬ್ಬನೇ, ಅವನ ಊರಿನ ಜನವೇ ಅವನ ಮೇಲೆ ರೇಗುತ್ತಾರೆ. ಸಂಜೆ ಅದೇ ಜನದ ನಡುವೆ ಅವನು ಬದುಕಬೇಕು. ಈ ಮುಜುಗರವೇ ಇಲಾಖೆಯ ದೊಡ್ಡ ಬಲ.

ಹಾಗಂತ ಮುಷ್ಕರ ಮಾಡಲೇಬಾರದು ಅನ್ನುವ ಬುದ್ಧಿವಂತರ ಮಾತು ನಮಗೆ ಒಪ್ಪಿಗೆ ಇಲ್ಲ. ಕಪಾಟಿನಲ್ಲಿದ್ದ ವರದಿ ಸಂಪುಟದ ಮುಂದೆ ಬಂದು ಒಪ್ಪಿಗೆ ಪಡೆದದ್ದು ಮುಷ್ಕರದ ಹದಿನಾರನೇ ದಿನ. ಮನವಿ ಪತ್ರಗಳು ಅದಕ್ಕೆ ಮುಂಚೆ ಎಷ್ಟು ಹೋಗಿದ್ದವೋ, ಅವನ್ನೂ ಅವರೇ ಹೊತ್ತು ಹಾಕಿರಬೇಕು.

ನಮ್ಮವರಿಗೂ ಒಂದು ಮಾತು ಖಾರವಾಗಿ ಹೇಳಬೇಕಾಗಿದೆ. ಕೂಲಿ ಆಳನ್ನು ಕರೆಯುವಾಗ "ಹೊತ್ತು ಮುಳುಗೋ ತನಕ" ಅನ್ನುವವರು, ಕಳೆ ಮುಗಿಯಲಿಲ್ಲ ಅಂತ ಇನ್ನೊಂದು ತಾಸು ನಿಲ್ಲಿಸಿಕೊಂಡು ಅದೇ ಕೂಲಿ ಕೈಗಿಡುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ಅಂಚೆಯವನ ದೂರು ಕಿವಿಗೆ ಹಿತವಾಗೋದಿಲ್ಲ. ಬೆಲೆ ಸಿಗದ ರೈತ ಕೂಲಿ ಎಲ್ಲಿಂದ ತರಲಿ ಅಂತ ಅವರು ಕೇಳುತ್ತಾರೆ. ನ್ಯಾಯವೇ. ಆದರೆ ಆ ಪ್ರಶ್ನೆ ಕೇಳಬೇಕಾದದ್ದು ಬೆಲೆ ಕಟ್ಟುವವರನ್ನು, ಕಳೆ ಕೀಳುವವಳನ್ನಲ್ಲ.

ಈಗ ಮಾಡಬೇಕಾದದ್ದು. ನಿಮ್ಮೂರಲ್ಲಿ ಬ್ರಾಂಚ್ ಪೋಸ್ಟಾಫೀಸು ಇದ್ದರೆ ಅದರ ಬಾಗಿಲಲ್ಲಿ ಕೆಲಸದ ವೇಳೆಯ ಬೋರ್ಡು ಇರುತ್ತದೆ. ಅದನ್ನು ಬರೆದುಕೊಳ್ಳಿ. ಆಮೇಲೆ ಒಂದು ತಿಂಗಳು, ಟಪಾಲು ಚೀಲ ಎಷ್ಟು ಹೊತ್ತಿಗೆ ಬಂತು, ಅಂಚೆಯವನು ಅಥವಾ ಅಂಚೆಯ ಹೆಣ್ಣುಮಗಳು ಕೊನೆಯ ಮನೆಗೆ ತಲುಪಿದ್ದು ಎಷ್ಟು ಹೊತ್ತಿಗೆ, ಭಾನುವಾರ ಮೇಳಕ್ಕೆ ಕರೆದರೇ ಇಲ್ಲವೇ, ಇಷ್ಟನ್ನು ಊರಿನ ಯಾವುದಾದರೂ ಓದಿದ ಹುಡುಗನ ಕೈಲಿ ನೋಟ್ ಬುಕ್ಕಿನಲ್ಲಿ ಬರೆಸಿ. ಅಂಚೆಯವನನ್ನೇ ಬರೆ ಅನ್ನಬೇಡಿ, ಅವನಿಗೆ ಮೆಮೊ ಬರುತ್ತದೆ. ತಿಂಗಳಾದ ಮೇಲೆ ಗ್ರಾಮಸಭೆಯಲ್ಲಿ ಓದಿಸಿ, ಸಭೆಯ ಠರಾವಿನ ಜೊತೆ ಅಂಚೆ ಅಧೀಕ್ಷಕರಿಗೆ ಒಂದು ಪ್ರತಿ, ನಿಮ್ಮ ಲೋಕಸಭಾ ಸದಸ್ಯರಿಗೆ ಒಂದು ಪ್ರತಿ ಕಳಿಸಿ. ನಮಗೂ ಒಂದು ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಊರಿನ ಹೆಸರು ಹಾಕಿ, ಅಂಚೆಯವರ ಹೆಸರು ಬಿಟ್ಟು, ಅಚ್ಚು ಮಾಡುತ್ತೇವೆ. ಸ್ಟಾಂಪು ಹಚ್ಚೋದನ್ನು ಮರೆಯಬೇಡಿ.